ಹಿಟ್ಟಿನ ಪಟ್ಟಿ: ಪಾಮೀರ್ ಕಣಿವೆಯ ಒಂದು ಪ್ರಕರಣ

ತಜಿಕಿಸ್ತಾನದ ರಾಜಧಾನಿ ದುಶಾಂಬೆಯಲ್ಲಿ, ಒಂದು ಕ್ರೈಸ್ತ ಸಂಸ್ಥೆಯ ಕಚೇರಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದವನು. ಕಣಿವೆಗೆ ಹೋದದ್ದು ನಾಲ್ಕೇ ಸಲ. ಆದರೂ ಈ ಪ್ರಕರಣವನ್ನು ಬರೆಯಲು ಕುಳಿತಿದ್ದೇನೆ, ಏಕೆಂದರೆ ಇದರ ಮುಖ್ಯ ತಿರುವುಗಳಲ್ಲಿ ಬಹುಪಾಲು ನನ್ನ ಖರ್ಚಿನ ಪುಸ್ತಕವನ್ನು ಹಾದುಹೋಗಿವೆ. ಕಣಿವೆಯ ಹೆಸರನ್ನು ಬಿಟ್ಟಿದ್ದೇನೆ. ಮನೆಯವರ ವಯಸ್ಸು, ಕೆಲವು ತಿಂಗಳು, ಸಣ್ಣಪುಟ್ಟ ಸಂಖ್ಯೆಗಳನ್ನು ಬದಲಿಸಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹೆಸರೂ ಬೇಡ. ತಪ್ಪಿನಲ್ಲಿ ನನಗೂ ಪಾಲಿದೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಗೋರ್ನೊ-ಬದಖ್ಶಾನ್ ಸ್ವಾಯತ್ತ ಪ್ರಾಂತ್ಯವು ತಜಿಕಿಸ್ತಾನದ ನೆಲದಲ್ಲಿ ಸುಮಾರು 45 ಪ್ರತಿಶತ. ಜನಸಂಖ್ಯೆಯಲ್ಲಿ ಅದರ ಪಾಲು 3 ಪ್ರತಿಶತದ ಆಸುಪಾಸು. ಉಳಿದದ್ದೆಲ್ಲ ಕಲ್ಲು, ಹಿಮ, ಆಕಾಶ. ರಾಜಧಾನಿಯಿಂದ ಪ್ರಾಂತ್ಯದ ಮುಖ್ಯ ಪಟ್ಟಣ ಖೊರೊಗ್‌ಗೆ 500 ಕಿಲೋಮೀಟರಿಗೂ ಮಿಕ್ಕ ದಾರಿ. ಹಳೆಯ ಜೀಪಿನಲ್ಲಿ ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ದಾರಿಯ ಬಹುಭಾಗ ಪಂಜ್ ನದಿಯ ಅಂಚಿನಲ್ಲಿ ಸಾಗುತ್ತದೆ. ಆಚೆ ದಡ ಅಫ್ಘಾನಿಸ್ತಾನ. ನಮ್ಮ ಕಣಿವೆ ಆ ನದಿಗೆ ಬಂದು ಸೇರುವ ಒಂದು ತೊರೆಯ ಮೇಲ್ಭಾಗದಲ್ಲಿದೆ. 60 ಮನೆಗಳಿರಬಹುದು. ಚಳಿಗಾಲದಲ್ಲಿ ಹಿಮಕುಸಿತವಾದರೆ ವಾರಗಟ್ಟಲೆ ದಾರಿಯಿಲ್ಲ.

ಅಲ್ಲಿನವರು ಪಾಮೀರಿಗಳು. ಮನೆಯಲ್ಲಿ ಶುಗ್ನಿ, ಶಾಲೆಯಲ್ಲಿ ತಜಿಕ್, ದುಡಿಮೆಗೆ ರಷ್ಯನ್. ಶುಗ್ನಿಯಲ್ಲಿ ಮಗನಿಗೆ ‘ಪುತ್ಸ್’ ಎನ್ನುತ್ತಾರೆಂದು ಕೇಳಿದಾಗ ‘ಪುತ್ರ’ ಎಷ್ಟು ದೂರ ನಡೆದಿದೆಯಲ್ಲ ಎನಿಸಿತ್ತು. ಧರ್ಮದಲ್ಲಿ ಇಸ್ಮಾಯಿಲಿ ಮುಸ್ಲಿಮರು, ಆಗಾ ಖಾನರನ್ನು ತಮ್ಮ ಜೀವಂತ ಇಮಾಮರೆಂದು ನಂಬುವವರು. ಅವರ ಮನೆಯೇ ಒಂದು ಧರ್ಮಗ್ರಂಥದ ಹಾಗಿರುತ್ತದೆ. ಒಳಗೆ ಐದು ಕಂಬಗಳು, ಅವಕ್ಕೆ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂದು ಹೆಸರು. ಚಾವಣಿಯ ನಡುವೆ ಒಂದರೊಳಗೊಂದು ನಾಲ್ಕು ಚೌಕಗಳಾಗಿ ಏರುವ ಬೆಳಕಿಂಡಿ. ಮಣ್ಣು, ನೀರು, ಗಾಳಿ, ಬೆಂಕಿ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ‘ನಿನ್ನ ವೈಯಕ್ತಿಕ ನಂಬಿಕೆ ಏನು’ ಎಂದು ಕೇಳುವವರು ಒಮ್ಮೆ ತಲೆಯೆತ್ತಿ ಚಾವಣಿಯನ್ನು ನೋಡಬೇಕು.

ಹಿಟ್ಟಿಗೂ ಆ ಕಣಿವೆಯಲ್ಲಿ ಒಂದು ಚರಿತ್ರೆಯಿದೆ. ಸೋವಿಯತ್ ಕಾಲದಲ್ಲಿ ಗೋಧಿಹಿಟ್ಟು, ಕಲ್ಲಿದ್ದಲು, ಡೀಸೆಲ್ ಹೊರಗಿನಿಂದ ಬರುತ್ತಿತ್ತು. 1991ರ ನಂತರ ಅದು ನಿಂತಿತು, ಮರುವರ್ಷವೇ ಅಂತರ್ಯುದ್ಧ ಶುರುವಾಯಿತು, ದಾರಿಗಳು ಮುಚ್ಚಿದವು. ಜನ ಒಣ ಹಿಪ್ಪುನೇರಳೆ ಹಣ್ಣನ್ನು ಕುಟ್ಟಿ ಪುಡಿ ಮಾಡಿ ತಿಂದು ಬದುಕಿದರು. 1993ರಿಂದ ಆಗಾ ಖಾನರ ಸಂಸ್ಥೆಯ ಲಾರಿಗಳಲ್ಲಿ ಆಹಾರ ಬಂತು. 1995ರ ಮೇ ತಿಂಗಳಲ್ಲಿ ಆಗಿನ ಇಮಾಮರೇ ಬಂದು ಹೋದರು. ಹಾಗಾಗಿ ಚೀಲದಲ್ಲಿ ಬರುವ ಹಿಟ್ಟೆಂದರೆ ಅಲ್ಲಿಯ ನಡುವಯಸ್ಸಿನವರಿಗೆ ಪ್ರಾಣ ಉಳಿಸಿದವರ ನೆನಪು. ಇದು ನಮಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಒಂದು ಇಡೀ ಪುಟ ಇದರ ಮೇಲೆಯೇ ಇತ್ತು.

ಮನೆಗೆ ಬಂದವರು

2006ರ ಶರತ್ಕಾಲದಲ್ಲಿ ಏಷ್ಯಾದ ಇನ್ನೊಂದು ದೇಶದ ದಂಪತಿ ಆ ಊರಿಗೆ ಹೋದರು. ಗಂಡ ಇಂಗ್ಲಿಷ್ ಶಿಕ್ಷಕ, ಹೆಂಡತಿ ನರ್ಸ್. ವೀಸಾ ಅರ್ಜಿಯಲ್ಲಿ ಬರೆದದ್ದು ಭಾಷಾ ತರಗತಿ ಮತ್ತು ತಾಯಿ-ಮಗುವಿನ ಆರೋಗ್ಯ. ತಾಯ್ನಾಡಿನ ಕ್ರೈಸ್ತ ಸಭೆಗಳಿಗೆ ಹೋಗುತ್ತಿದ್ದ ಪತ್ರದಲ್ಲಿ ಬರೆದದ್ದು ‘ಸುವಾರ್ತೆ ತಲುಪದ ಜನಾಂಗ’. ಎರಡೂ ಸುಳ್ಳಲ್ಲ. ಖರ್ಚಿನ ಪುಸ್ತಕದಲ್ಲಿ ನಾನೂ ಎರಡು ಅಂಕಣ ಹಾಕಿಕೊಂಡಿದ್ದೆ.

ಅವರು ಉಳಿದುಕೊಂಡದ್ದು ಒಬ್ಬ ಹಿರಿಯ ಹೆಂಗಸಿನ ಮನೆಗೆ ತಗುಲಿದ ಕೋಣೆಯಲ್ಲಿ. ಅವರನ್ನು ಎಲ್ಲರೂ ಖೋಲಾ ಎನ್ನುತ್ತಿದ್ದರು. ತಜಿಕ್‌ನಲ್ಲಿ ತಾಯಿಯ ಅಕ್ಕತಂಗಿಯರಿಗೆ ಹೇಳುವ ಮಾತು ಅದು. ಖೋಲಾ ಅವರ ಗಂಡ ಸೋವಿಯತ್ ಕಾಲದಲ್ಲಿ ಲಾರಿ ಚಾಲಕ. ಹಿರಿಯ ಮಗ ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ, ಅವನ ಹೆಂಡತಿ ಮಕ್ಕಳು ಇಲ್ಲಿ. ಕಿರಿಯನಿಗೆ 22 ವರ್ಷ. ಅವನನ್ನು ಕಿರಿಯ ಎಂದೇ ಕರೆಯುತ್ತೇನೆ.

ನಾಲ್ಕನೆಯ ದಿನ ಬೆಳಗ್ಗೆ ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾದಲ್ಲಿ ರೊಟ್ಟಿ ಮುರಿದು ಹಾಕುತ್ತಾ ಖೋಲಾ ಶಿಕ್ಷಕನನ್ನು ಕೇಳಿದರು (‘ಮುಅಲ್ಲಿಮ್’ ಎಂದರೆ ಅಲ್ಲಿ ಮೇಷ್ಟ್ರು): “ಮುಅಲ್ಲಿಮ್, ನಿಮ್ಮ ತಾಯಿ ಬದುಕಿದ್ದಾರಂತೆ. ಅವರನ್ನು ಬಿಟ್ಟು ಇಷ್ಟು ದೂರ ಏಕೆ ಬಂದಿರಿ?”

“ಇಂಗ್ಲಿಷ್ ಕಲಿಸುವುದಕ್ಕೆ, ಖೋಲಾ.”

“ಇಂಗ್ಲಿಷ್ ಖೊರೊಗ್‌ನಲ್ಲಿ ಕಲಿಸುತ್ತಾರಲ್ಲ,” ಎಂದು ಅವರು ಬಟ್ಟಲು ಮುಂದೆ ತಳ್ಳಿದರು. ಮತ್ತೆ ಕೇಳಲಿಲ್ಲ. ನರ್ಸ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಬರೆದುಕೊಂಡಿದ್ದಳು: ‘ಅವರಿಗೆ ಉತ್ತರ ಸಾಲಲಿಲ್ಲ.’ ಈ ಪ್ರಕರಣದ ಮೊದಲ ತಿರುವು ಅದೇ ಎಂದು ನನ್ನ ಎಣಿಕೆ. ಅಲ್ಲಿ ಏನೂ ನಡೆಯಲಿಲ್ಲವಾದ್ದರಿಂದ ಯಾರಿಗೂ ಅದು ತಿರುವಾಗಿ ಕಾಣಲಿಲ್ಲ.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ನರ್ಸ್ ಬೆಂಕಿಯ ಕಾವಿಗೆ ಮೊಣಕೈ ಸುಟ್ಟುಕೊಂಡು ಒಲೆಯ ಗೋಡೆಗೆ ರೊಟ್ಟಿ ಬಡಿಯುವುದನ್ನು ಕಲಿತಳು. ರೊಟ್ಟಿಯನ್ನು ಮಗುಚಿ ಇಡಬಾರದು, ಚೂರು ಕೆಳಗೆ ಬಿದ್ದರೆ ತುಳಿಯಬಾರದು ಎಂಬುದೂ ಅಭ್ಯಾಸವಾಯಿತು. ಬೆರಣಿ ತಟ್ಟುವ ಕೆಲಸಕ್ಕೆ ಮಾತ್ರ ಸೊಸೆ ಇವಳನ್ನು ಬಿಡುತ್ತಿರಲಿಲ್ಲ, ಅತಿಥಿ ಎಂದು. ವಸಂತದಲ್ಲಿ ಊರಿನ ನೀರಿನ ಕಾಲುವೆಯ ಹೂಳೆತ್ತುವುದಕ್ಕೆ ಮನೆಗೊಬ್ಬರಂತೆ ಕೂಡುತ್ತಾರೆ. ಆ ಕೂಡುದುಡಿಮೆಗೆ ಹಶರ್ ಎನ್ನುತ್ತಾರೆ. ಶಿಕ್ಷಕ ಸನಿಕೆ ಹಿಡಿದು ಮೂರು ದಿನ ನಿಂತ. ಅವನ ಕೈ ಬೊಬ್ಬೆಯೆದ್ದದ್ದನ್ನು ಊರವರು ವರ್ಷವಿಡೀ ಹೇಳಿಕೊಂಡು ನಕ್ಕರು. ಅಲ್ಲಿ ಭೇಟಿಯಾದವರು ಒಬ್ಬರ ಕೈಯನ್ನು ಇನ್ನೊಬ್ಬರು ಮುತ್ತಿಡುವುದು ವಾಡಿಕೆ. ಆ ಹಶರ್ ಆದ ಮೇಲೆ ಮುದುಕರು ಅವನ ಕೈಗೂ ಮುತ್ತಿಡಲು ಶುರು ಮಾಡಿದರು. ಸಭೆಗಳಿಗೆ ಕಳಿಸಿದ ಪತ್ರದಲ್ಲಿ ಇದು ಬರಲೇ ಇಲ್ಲ. ಪತ್ರಕ್ಕೆ ಬೇಕಾದದ್ದು ಬೇರೆ.

ತರಗತಿಗೆ ಬರುತ್ತಿದ್ದ ಹದಿನಾಲ್ಕು ಹುಡುಗ ಹುಡುಗಿಯರಲ್ಲಿ ಕಿರಿಯ ಒಬ್ಬ. ಅವನೇ ಶಿಕ್ಷಕನ ಕಪಾಟಿನಿಂದ ತಜಿಕ್ ಭಾಷೆಯ ಇಂಜೀಲನ್ನು, ಅಂದರೆ ಸುವಾರ್ತೆಯ ಪುಸ್ತಕವನ್ನು, ಕೇಳಿ ತೆಗೆದುಕೊಂಡು ಓದಿದ. ಈಸಾ ಮಸೀಹ, ಅಂದರೆ ಯೇಸು, ಅಲ್ಲಿನವರಿಗೆ ಹೊಸಬನಲ್ಲ, ಪ್ರವಾದಿಗಳಲ್ಲಿ ಒಬ್ಬ. ಆದರೆ ಹುಡುಗ ಪ್ರಶ್ನೆ ಕೇಳುತ್ತಾ ಹೋದ, ಶಿಕ್ಷಕ ಉತ್ತರ ಹೇಳುತ್ತಾ ಹೋದ. ಒತ್ತಾಯವೇನೂ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ಬರೆಯಬೇಕು. ಮಾತೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯಿತು ಎಂಬುದನ್ನೂ ಬರೆಯಬೇಕು.

ಸಮಸ್ಯೆ ಶುರುವಾದದ್ದು

2008ರ ಚಳಿಗಾಲ ದೇಶಕ್ಕೇ ಕ್ರೂರವಾಗಿತ್ತು. ರಾಜಧಾನಿಯಲ್ಲೇ ವಿದ್ಯುತ್ ಇರಲಿಲ್ಲ, ಕಚೇರಿಯಲ್ಲಿ ನಾನು ಕೈಗವಸು ಹಾಕಿಕೊಂಡು ಬರೆಯುತ್ತಿದ್ದೆ. ಹಿಟ್ಟಿನ ಬೆಲೆ ಏರಿತು. ಸಂಸ್ಥೆ ತುರ್ತು ಹಣ ಕೂಡಿಸಿ, 50 ಕಿಲೋದ 40 ಚೀಲ ಹಿಟ್ಟನ್ನು ಕಣಿವೆಗೆ ಕಳಿಸಲು ನಿರ್ಧರಿಸಿತು. ಯಾರಿಗೆ ಎಂಬ ಪಟ್ಟಿ ಬೇಕಿತ್ತು. ನಾನು ಶಿಕ್ಷಕನಿಗೆ ಫೋನ್ ಮಾಡಿ, ನಾಳೆ ಲಾರಿ ಹೊರಡುತ್ತದೆ, ಇವತ್ತೇ ಹೆಸರು ಕೊಡು ಎಂದೆ. ಹೆಸರಿಲ್ಲದ ಚೀಲಕ್ಕೆ ನನ್ನ ಪುಸ್ತಕದಲ್ಲಿ ಜಾಗವಿರಲಿಲ್ಲ. ಒಂದು ಗಂಟೆಯಲ್ಲಿ ಅವನಿಗೆ ನೆನಪಾದ ಮನೆಗಳು ಯಾವುವು? ತರಗತಿಯ ಹದಿನಾಲ್ಕು ಮಕ್ಕಳ ಮನೆಗಳು, ಅವರ ನೆಂಟರು, ನರ್ಸ್ ಬಾಣಂತನಕ್ಕೆ ಹೋಗಿದ್ದ ಮನೆಗಳು. 40 ಹೆಸರು ತುಂಬಿತು. 20 ಮನೆ ಹೊರಗುಳಿಯಿತು.

ಮೊದಲ ಹೆಸರು ಖೋಲಾ ಅವರದು.

ಲಾರಿ ತಲುಪಿದ ದಿನ ಯಾರೂ ಜಗಳ ಮಾಡಲಿಲ್ಲ. ಚೀಲ ಸಿಕ್ಕವರು ಸದ್ದಿಲ್ಲದೆ ಹೊತ್ತುಕೊಂಡು ಹೋದರು, ಸಿಗದವರು ನೋಡಿದರು. ಸಂಜೆ ಊರಿನ ಖಲೀಫಾ ಬಂದರು. ಮದುವೆ, ಮರಣ, ಪ್ರಾರ್ಥನೆ ನಡೆಸಿಕೊಡುವ ಹಿರಿಯರು ಅವರು, ನಿವೃತ್ತ ಗಣಿತ ಶಿಕ್ಷಕ ಕೂಡ. ಎರಡು ಬಟ್ಟಲು ಚಹಾ ಕುಡಿದರು. ಹವಾಮಾನ ಮಾತಾಡಿದರು. ಏಳುವಾಗ ಹೇಳಿದರು: “ಯುದ್ಧದ ವರ್ಷಗಳಲ್ಲಿ ನಮಗೆ ಹಿಟ್ಟು ಬಂದಾಗ ತಲೆ ಎಣಿಸಿ ಹಂಚಿದೆವು, ಮುಅಲ್ಲಿಮ್. ನೀವು ಯಾವ ಲೆಕ್ಕದಲ್ಲಿ ಹಂಚಿದಿರೆಂದು ನನಗೆ ಬಿಡಿಸಲಾಗಲಿಲ್ಲ.”

ಮರುದಿನದಿಂದ ತರಗತಿಗೆ ಆರು ಜನ ಬಂದರು.

ಮಾಡಿ ನೋಡಿದ್ದು

ದಂಪತಿ ಮೊದಲು ತೆಗೆದುಕೊಂಡ ತೀರ್ಮಾನ ಒಳ್ಳೆಯದೇ. ಮುಂದೆ ಬರುವ ಯಾವ ನೆರವನ್ನೂ ತಾವು ಹಂಚುವುದಿಲ್ಲ, ಊರಿನ ಗ್ರಾಮ ಸಂಘ ಮತ್ತು ಖಲೀಫಾ ಅವರೇ ಪಟ್ಟಿ ಮಾಡಲಿ ಎಂದು ಶಿಕ್ಷಕ ಕಚೇರಿಗೆ ಬರೆದ. ಕಚೇರಿ ಒಪ್ಪಲಿಲ್ಲ. ಹಣ ಕೊಟ್ಟವರಿಗೆ ‘ನಮ್ಮ ಸಂಪರ್ಕದಲ್ಲಿರುವ ಕುಟುಂಬಗಳು’ ಎಂದು ಹೇಳಿಯಾಗಿದೆ, ಈಗ ಬದಲಿಸಲಾಗದು ಎಂಬ ಉತ್ತರ ಹೋಯಿತು. ಅದನ್ನು ಬೆರಳಚ್ಚು ಮಾಡಿದವನು ನಾನು. ಎರಡು ತಿಂಗಳ ಪತ್ರವ್ಯವಹಾರದ ನಂತರ ಉಳಿದ 20 ಮನೆಗೂ ಚೀಲ ಕಳಿಸಲು ಒಪ್ಪಿಗೆಯಾಯಿತು. ಅಷ್ಟರಲ್ಲಿ ಏಪ್ರಿಲ್ ಬಂದಿತ್ತು. ಹಸಿವಿಗೆ ಬಾರದ ಹಿಟ್ಟು ಮಾನಕ್ಕೂ ಬರಲಿಲ್ಲ. ಹಲವರು ತೆಗೆದುಕೊಂಡು ಮನೆಯ ಹೊರಗೇ ಇಟ್ಟರು.

ಇದೇ ಹೊತ್ತಿಗೆ ಕಿರಿಯ ತನಗೆ ದೀಕ್ಷಾಸ್ನಾನ ಬೇಕೆಂದು ಹೇಳಿದ. ಅವನನ್ನು ದುಶಾಂಬೆಗೆ ಕರೆತನ್ನಿ, ಇಲ್ಲಿಯ ಸಭೆಯಲ್ಲಿ ಆಗಲಿ, ಊರಿಗೆ ಆಮೇಲೆ ತಿಳಿಯಲಿ ಎಂದಿತು ಕಚೇರಿ. ಅವನ ತಾಯಿಯ ಮನೆಯಲ್ಲಿ ಉಂಡು ಮಲಗುತ್ತಿದ್ದೇವೆ, ಅವರಿಗೆ ಹೇಳದೆ ಮಾಡಿದರೆ ಅದು ಕಳ್ಳತನ ಎಂದಳು ನರ್ಸ್. ಶಿಕ್ಷಕ ಎರಡೂ ಕಡೆ ತಲೆಯಾಡಿಸಿ, ಶರತ್ಕಾಲಕ್ಕೆ ನೋಡೋಣ ಎಂದು ಮುಂದೂಡಿದ. ಮುಂದೂಡುವುದೂ ಒಂದು ತೀರ್ಮಾನವೇ ಎಂಬುದು ಇಂಥ ಕೆಲಸದಲ್ಲಿ ಬೇಗ ಮರೆತುಹೋಗುತ್ತದೆ.

ಶರತ್ಕಾಲದವರೆಗೆ ಕಾಯಲು ಆಗಲಿಲ್ಲ. ಆಗಸ್ಟ್‌ನಲ್ಲಿ ಖೋಲಾ ಅವರ ಗಂಡ ಹುಲ್ಲು ಕೊಯ್ಯುತ್ತಿದ್ದಾಗ ಕುಸಿದು ತೀರಿಕೊಂಡರು.

ದೀಪದ ರಾತ್ರಿ

ಪಾಮೀರಿಗಳಲ್ಲಿ ಸಾವಿನ ಮೂರನೆಯ ರಾತ್ರಿ ಚಿರಾಗ್-ರವ್ಶನ್ ನಡೆಯುತ್ತದೆ, ದೀಪ ಬೆಳಗಿಸುವ ಶಾಸ್ತ್ರ. ಕುರಿ ಕಡಿಯುತ್ತಾರೆ, ಹತ್ತಿಯ ಬತ್ತಿ ಹೊಸೆಯುತ್ತಾರೆ, ಖಲೀಫಾ ಪಠಿಸುತ್ತಾರೆ, ರುಬಾಬ್ ನುಡಿಸುತ್ತಾ ಭಕ್ತಿಪದ ಹಾಡುತ್ತಾರೆ. 11ನೆಯ ಶತಮಾನದ ಕವಿ-ಧರ್ಮಬೋಧಕ ನಾಸಿರ್ ಖುಸ್ರೋ ಇದನ್ನು ಕಲಿಸಿಕೊಟ್ಟರೆಂದು ಅವರ ನಂಬಿಕೆ. ಸತ್ತವನ ಆತ್ಮಕ್ಕೆ ದಾರಿಗೆ ಬೆಳಕು ಕೊಡುವ ಆ ರಾತ್ರಿ ಮಗ ಒಳಗೆ ಕೂತಿರಬೇಕು. ಹಿರಿಯ ಮಗ ಮಾಸ್ಕೋದಿಂದ ತಲುಪಿರಲಿಲ್ಲ. ಇದ್ದವನು ಕಿರಿಯ ಒಬ್ಬನೇ.

ಅವನು ಶಿಕ್ಷಕನನ್ನು ಕೇಳಿದ: “ನಾನು ಕೂರಬಹುದೆ?”

ಶಿಕ್ಷಕ ಉಪಗ್ರಹ ಫೋನಿನಲ್ಲಿ ದುಶಾಂಬೆಗೆ ಕರೆ ಮಾಡಿದ. ಈ ಕರೆಯ ಬಿಲ್ ನನ್ನ ಕಡತದಲ್ಲಿದೆ: 11 ನಿಮಿಷ. ಆ ಕಡೆಯಿಂದ ಮಾತಾಡಿದ ಹಿರಿಯರು ಕಣಿವೆಯನ್ನು ನೋಡಿದವರಲ್ಲ. ಸತ್ತವರಿಗಾಗಿ ಮಾಡುವ ಶಾಸ್ತ್ರದಲ್ಲಿ ವಿಶ್ವಾಸಿ ಭಾಗಿಯಾಗಬಾರದು, ಈಗ ಸಡಿಲ ಬಿಟ್ಟರೆ ಮುಂದೆ ನಿಲ್ಲಲಾರ ಎಂದರು. ಶಿಕ್ಷಕ ಹುಡುಗನಿಗೆ ಅದನ್ನು ಹಾಗೆಯೇ ದಾಟಿಸಿದ. ನೀನೇ ಯೋಚಿಸು ಎಂದೂ ಸೇರಿಸಿದನಂತೆ. ತಂದೆ ಸತ್ತು ಮೂರು ದಿನವಾದ 24ರ ಹುಡುಗನಿಗೆ ‘ನೀನೇ ಯೋಚಿಸು’ ಎನ್ನುವುದು ಯಾವ ಬಗೆಯ ಸ್ವಾತಂತ್ರ್ಯವೋ ನನಗೆ ತಿಳಿಯದು.

ಅವನು ಕುರಿ ಕಡಿಯಲು ನೆರವಾದ, ಕಟ್ಟಿಗೆ ಒಡೆದ, ನೀರು ಹೊತ್ತ. ದೀಪ ಹೊತ್ತಿಸುವಾಗ ಮಾತ್ರ ಒಳಗೆ ಹೋಗಲಿಲ್ಲ. ಬೆಳಗಿನವರೆಗೆ ಹೊರಗೆ ಕಲ್ಲುಗೋಡೆಗೆ ಒರಗಿ ನಿಂತಿದ್ದ. ಚಾವಣಿಯ ಬೆಳಕಿಂಡಿಯಿಂದ ಹಾಡು ಕೇಳಿಸುತ್ತಿತ್ತು. ನರ್ಸ್ ಒಳಗೆ, ಹೆಂಗಸರ ನಡುವೆ ಕೂತಿದ್ದಳು. ಖೋಲಾ ಒಮ್ಮೆ ಬಾಗಿಲ ಕಡೆ ನೋಡಿದರು, ಮತ್ತೆ ನೋಡಲಿಲ್ಲ ಎಂದು ಅವಳು ಬರೆದುಕೊಂಡಿದ್ದಾಳೆ.

ಊರು ಯಾರನ್ನೂ ಬೈಯಲಿಲ್ಲ. ಆದರೆ ಬಿಸಿ ರೊಟ್ಟಿ ಸುಟ್ಟ ದಿನ ಪಕ್ಕದ ಮನೆಗಳಿಗೆ ಒಂದೆರಡು ಕಳಿಸುವ ರೂಢಿ ಇದೆಯಲ್ಲ, ಖೋಲಾ ಅವರ ಮನೆಗೆ ಆ ತಟ್ಟೆ ಬರುವುದು ನಿಂತಿತು. ಇವರು ಕಳಿಸಿದ ತಟ್ಟೆ ಖಾಲಿ ಹಿಂದಿರುಗುತ್ತಿತ್ತು. ಖಾಲಿ ತಟ್ಟೆ ಹಿಂದಿರುಗಿಸುವುದು ನಮ್ಮ ಕರಾವಳಿಯಲ್ಲೂ ಎಂಥ ಮಾತೆಂದು ಓದುವವರಿಗೆ ಗೊತ್ತು.

ನರ್ಸ್ ಹೇಳಿದ್ದು

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಅವಳು ಗಂಡನನ್ನೂ ಕೇಳದೆ, ಕಚೇರಿಯನ್ನೂ ಕೇಳದೆ ಖೋಲಾ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ತಾವು ಏಕೆ ಬಂದದ್ದು, ಯಾರು ಹಣ ಕೊಡುವವರು, ಮಗ ಏನು ಓದಿದ, ಏನು ಕೇಳಿದ, ಆ ರಾತ್ರಿ ಫೋನಿನಲ್ಲಿ ಯಾರು ಏನು ಹೇಳಿದರು. ಖೋಲಾ ಏಪ್ರಿಕಾಟ್ ಬೀಜ ಒಡೆಯುವುದನ್ನು ನಿಲ್ಲಿಸದೆ ಕೇಳಿದರು.

“ಇದನ್ನು ನಾನು ಕೇಳಿದ ದಿನವೇ ಹೇಳಿದ್ದರೆ ಆಗುತ್ತಿತ್ತಲ್ಲ ಮಗಳೇ,” ಎಂದರು. “ನೀನು ದೇವರ ಮಾತಿಗಾಗಿ ಬಂದವಳು ಎಂದಿದ್ದರೆ ನಾನು ನಮ್ಮದನ್ನು ನಿನಗೆ ಹೇಳುತ್ತಿದ್ದೆ. ನೀನು ನಿನ್ನದನ್ನು ಹೇಳುತ್ತಿದ್ದೆ. ಹುಡುಗ ಇಬ್ಬರದನ್ನೂ ಕೇಳುತ್ತಿದ್ದ.”

ನಂತರ ಖಲೀಫಾ ಅವರನ್ನು ಕರೆಸಿದರು. ಆ ಮಾತುಕತೆ ಮೂರು ಸಂಜೆ ನಡೆಯಿತು, ಕಿರಿಯನೂ ಇದ್ದ, ಬಾಗಿಲು ತೆರೆದಿತ್ತು. ಧರ್ಮದ ವಿಷಯದಲ್ಲಿ ಯಾರೂ ಸೋಲಲಿಲ್ಲ, ಗೆಲ್ಲಲಿಲ್ಲ. ಹುಡುಗ ಏನು ಬೇಕಾದರೂ ಓದಲಿ, ತಂದೆಯ ವರ್ಷದ ದಿನ ಮನೆಯಲ್ಲಿರಲಿ ಎಂಬುದಷ್ಟೇ ಖಲೀಫಾ ಅವರ ಕೇಳಿಕೆ. ದೀಕ್ಷಾಸ್ನಾನದ ಮಾತನ್ನು ಹುಡುಗನೇ ಮುಂದಕ್ಕೆ ಹಾಕಿದ. ಕಚೇರಿಗೆ ಇದು ಸೋಲಾಗಿ ಕಂಡಿತು.

ಆದದ್ದು

2009ರ ಮಾರ್ಚ್‌ನಲ್ಲಿ ತಜಿಕಿಸ್ತಾನ ಧಾರ್ಮಿಕ ಸಂಘಗಳ ಬಗ್ಗೆ ಹೊಸ ಕಾನೂನು ತಂದಿತು. ಎಲ್ಲ ಧಾರ್ಮಿಕ ಸಮುದಾಯಗಳೂ ವರ್ಷದ ಕೊನೆಯೊಳಗೆ ಮರುನೋಂದಣಿ ಮಾಡಿಸಬೇಕಾಯಿತು. ನಮ್ಮಂಥ ಎರಡು ಅಂಕಣದ ಸಂಸ್ಥೆಗಳಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಗತಿಯಿರಲಿಲ್ಲ. ದಂಪತಿಯ ಒಪ್ಪಂದ ನವೀಕರಣವಾಗಲಿಲ್ಲ. 2010ರ ವಸಂತದಲ್ಲಿ ಅವರು ಹೊರಟರು. ಗೋಡೆಗೆ ಹಿಟ್ಟಿನಿಂದ ಚಿತ್ತಾರ ಬಿಡಿಸುವ ಹೊಸ ವರ್ಷದ ಹಬ್ಬ ನವ್ರೂಜ್ ಮುಗಿಸಿಕೊಂಡೇ ಹೋಗಿ ಎಂದು ಖೋಲಾ ಹಟ ಹಿಡಿದರಂತೆ.

ನರ್ಸ್ ತರಬೇತಿ ಕೊಟ್ಟ ಇಬ್ಬರು ಹೆಂಗಸರು ಹೆರಿಗೆಗೆ ಹೋಗುವುದನ್ನು ಮುಂದುವರಿಸಿದರು. ಇಂಗ್ಲಿಷ್ ತರಗತಿ ಮುಚ್ಚಿತು. ಕಿರಿಯ ಅಣ್ಣನ ಹಿಂದೆ ಮಾಸ್ಕೋಗೆ ಹೋದ. ಆ ಕಾಲಕ್ಕೆ ದೇಶದ ಆದಾಯದ ಅರ್ಧಕ್ಕೆ ಹತ್ತಿರ ಹಾಗೆ ಹೋದವರು ಕಳಿಸುವ ಹಣವೇ ಆಗಿತ್ತು, ಆದ್ದರಿಂದ ಅವನು ಧರ್ಮದ ಕಾರಣಕ್ಕೆ ಹೋದ ಎಂದು ಹೇಳಲಾರೆ. ತಂದೆಯ ವರ್ಷದ ದಿನಕ್ಕೆ ಬಂದು ಮನೆಯೊಳಗೆ ಕೂತ. ಇಂಜೀಲು ಅವನ ಚೀಲದಲ್ಲೇ ಇತ್ತೆಂದು ನರ್ಸ್ ಹೇಳಿದಳು. ಅವನು ಈಗ ಏನು ನಂಬುತ್ತಾನೆ ಎಂಬುದು ಈ ಬರಹದ ವ್ಯಾಪ್ತಿಗೆ ಸೇರಿದ್ದಲ್ಲ. ಸೇರಿಸಲು ಹೊರಟದ್ದೇ ನಮ್ಮ ಕಚೇರಿಯ ಚಾಳಿಯಾಗಿತ್ತು.

ಇದರಿಂದ ತಿಳಿದದ್ದು

ಈ ಪ್ರಕರಣವನ್ನು ಚರ್ಚೆಗೆ ಇಟ್ಟಾಗಲೆಲ್ಲ ಜನ ದೀಪದ ರಾತ್ರಿಯ ಬಗ್ಗೆಯೇ ವಾದ ಮಾಡುತ್ತಾರೆ: ಕೂರಬೇಕಿತ್ತೇ, ಬೇಡವೇ. ನನ್ನ ದೃಷ್ಟಿಯಲ್ಲಿ ಆ ಹೊತ್ತಿಗೆ ಒಳ್ಳೆಯ ಉತ್ತರ ಯಾವುದೂ ಉಳಿದಿರಲಿಲ್ಲ. ನಾಲ್ಕನೆಯ ದಿನದ ಅರೆ ಉತ್ತರ, ಮುಚ್ಚಿದ ಬಾಗಿಲು, ಒಂದು ಗಂಟೆಯ ಪಟ್ಟಿ, ಇವು ಮೂರೂ ಸೇರಿ ಹುಡುಗನನ್ನು ಗೋಡೆಯ ಹೊರಗೆ ನಿಲ್ಲಿಸಿಯಾಗಿತ್ತು. ಬದಲಿಸಬಹುದಾಗಿದ್ದದ್ದು ಅವುಗಳನ್ನೇ. ಕಾನೂನಿನ ಭಯ ಇತ್ತಲ್ಲ ಎಂದು ಕೆಲವರು ಹೇಳುತ್ತಾರೆ. ಆದರೆ 2006ರಲ್ಲಿ ಮುಚ್ಚಿಟ್ಟದ್ದು ಸರಕಾರದಿಂದಲ್ಲ, ರೊಟ್ಟಿ ಕೊಟ್ಟ ಮನೆಯಿಂದ. ಆ ಮನೆಗೆ ನಿಜ ಹೇಳುವುದರಿಂದ ವೀಸಾಕ್ಕೆ ಅಪಾಯವೆನಿಸಿದ್ದರೆ ಆ ಕೋಣೆಯನ್ನು ಬಾಡಿಗೆಗೆ ಹಿಡಿಯಬಾರದಿತ್ತು.

ಇನ್ನೊಂದು, ಸ್ವಲ್ಪ ಮನೆಯ ಮಾತು. ನಾನು ಮಂಗಳೂರಿನ ಕಡೆಯವನು, ಬಾಸೆಲ್ ಮಿಷನ್ ಸಭೆಯ ಮನೆತನ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳಿಗೆ ಬೇಗನೆ ಒಂದು ವಿಷಯ ಅರ್ಥವಾಗಿತ್ತು: ಕ್ರೈಸ್ತನಾದವನು ಜಾತಿ, ಮನೆ, ಕಸುಬು ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ನೇಯ್ಗೆ, ಮುದ್ರಣಾಲಯ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿದ್ದರಲ್ಲಿ ಆ ತಿಳಿವಳಿಕೆಗೂ ಪಾಲಿತ್ತು. ಅದರಲ್ಲೂ ತಪ್ಪುಗಳಿದ್ದವು, ಒಂದು ಹಂಗಿನಿಂದ ಇನ್ನೊಂದು ಹಂಗಿಗೆ ಹೋದಂತಾಯಿತು ಎಂದು ನಮ್ಮ ಅಜ್ಜಿಯೇ ಹೇಳುತ್ತಿದ್ದರು. ಆದರೂ ‘ಇವನು ನಾಳೆ ಯಾರ ಪಂಕ್ತಿಯಲ್ಲಿ ಉಣ್ಣುತ್ತಾನೆ’ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಿದ್ದರು. 11 ನಿಮಿಷದ ಆ ಕರೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ.

ಕೊನೆಯದಾಗಿ ಲೆಕ್ಕದ ಒಂದು ಸಂಗತಿ. 2010ರ ಜುಲೈನಲ್ಲಿ, ಕಡತಗಳನ್ನು ಮುಚ್ಚುತ್ತಿದ್ದಾಗ, ಖೊರೊಗ್‌ನಿಂದ ಬಂದ ಜೀಪಿನ ಚಾಲಕ ನಮ್ಮ ಕಚೇರಿಯ ಬಾಗಿಲಿಗೆ ಒಂದು ಚೀಲ ಇಳಿಸಿ ಹೋದ. ನಾವು ಕಳಿಸಿದ್ದ ಹಿಟ್ಟಿನ ಚೀಲವೇ, ಮೇಲಿನ ಅಚ್ಚು ಇನ್ನೂ ಮಾಸಿರಲಿಲ್ಲ. ಒಳಗೆ ಒಣಗಿಸಿದ ಹಿಪ್ಪುನೇರಳೆ. ಕುತೂಹಲಕ್ಕೆ ತೂಗಿಸಿದೆ: 50 ಕಿಲೋ. ಖೋಲಾ ಅವರ ಹೆಸರನ್ನು ಚಾಲಕ ಹೇಳಿದ, ಬೇರೆ ಮಾತೇನೂ ಕಳಿಸಿರಲಿಲ್ಲ. ಲೆಕ್ಕ ಪರಿಶೋಧಕರು ಇದನ್ನು ಯಾವ ಅಂಕಣಕ್ಕೆ ಹಾಕಿದಿರಿ ಎಂದು ಕೇಳಿದರು. ಹಾಕಿಲ್ಲ ಎಂದೆ. ಅವರ ಬಟ್ಟಲಿಗೂ ಒಂದು ಹಿಡಿ ಹಾಕಿದೆ.